ಡಾಕ್ಟರಿಗೆ ಪೂರ್ತಿ ಅಂಕ, ಕೌಂಟರಿಗೆ ಸೊನ್ನೆ

ಹಾಸನದ ಬಿ.ಎಂ. ರಸ್ತೆ ಕಡೆಯ ಒಂದು ಸ್ತ್ರೀರೋಗ ಚಿಕಿತ್ಸಾಲಯಕ್ಕೆ ತಂಗಿಯನ್ನು ಕರೆದುಕೊಂಡು ಹೋಗಿದ್ದೆ. ಕಿಬ್ಬೊಟ್ಟೆಯ ಬಲಭಾಗದಲ್ಲಿ ನೋವು. 'ಮುಟ್ಟಿನ ನೋವು, ಓಮದ ಕಷಾಯ ಕುಡಿ' ಎಂಬುದು ಅಮ್ಮನ ತೀರ್ಪು. ಡಾಕ್ಟರಮ್ಮ ಹಾಗೆ ತಳ್ಳಿಹಾಕಲಿಲ್ಲ. ನನ್ನನ್ನು ಹೊರಗೆ ಕಳುಹಿಸಿ ಅವಳೊಬ್ಬಳನ್ನೇ ವಿಚಾರಿಸಿದರು. ಅದು ನನಗೆ ಬಹಳ ಹಿಡಿಸಿತು. ಆಮೇಲೆ ಇಬ್ಬರಿಗೂ ವಿವರಿಸಿದರು: ಅಪೆಂಡಿಕ್ಸ್, ಮೂತ್ರದ ಸೋಂಕು, ಕಲ್ಲು, ಅಂಡಾಶಯದ ನೀರುಗುಳ್ಳೆ, ಗರ್ಭನಾಳದಲ್ಲಿ ನಿಂತ ಗರ್ಭ, ಯಾವುದೂ ಇರಬಹುದು. ಆದ್ದರಿಂದಲೇ ಮದುವೆಯಾಗಿದೆಯೋ ಇಲ್ಲವೋ ನೋಡದೆ ಗರ್ಭಪರೀಕ್ಷೆ ಮಾಡಿಸುತ್ತಾರಂತೆ. ಗುಳ್ಳೆಯಿರುವ ಅಂಡಾಶಯ ತಿರುಚಿಕೊಂಡರೆ ರಕ್ತಸಂಚಾರವೇ ನಿಲ್ಲಬಹುದು, ಹಠಾತ್ ನೋವಿನ ಜೊತೆ ವಾಂತಿಯಾದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಬನ್ನಿ ಎಂದು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು.

ಕೌಂಟರಿನ ಕಥೆಯೇ ಬೇರೆ. ಸ್ಕ್ಯಾನಿಂಗಿಗೆ ಮೂತ್ರಕೋಶ ತುಂಬಿರಬೇಕೆಂದು ಬಾಟಲಿಗಟ್ಟಲೆ ನೀರು ಕುಡಿಸಿ, ಆಮೇಲೆ ಬಂದವರನ್ನೆಲ್ಲ ಮೊದಲು ಒಳಗೆ ಬಿಟ್ಟರು. ಪಾಪ, ಇವಳು 'ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ' ಎಂಬ ಫಲಕವನ್ನೇ ಮತ್ತೆ ಮತ್ತೆ ಓದುತ್ತ ಕಾಲು ಕುಣಿಸುತ್ತಿದ್ದಳು. 'ಮದುವೆ ಆಗಿದೆಯಾ?' ಎಂದು ಹತ್ತು ಜನರ ಮುಂದೆ ಕೂಗಿ ಕೇಳಿದ್ದಂತೂ ಅಸಹ್ಯ.

ಸಿಕ್ಕಿದ್ದು ಸಣ್ಣ ನೀರುಗುಳ್ಳೆ. ಇಂಥವು ಹೆಚ್ಚಾಗಿ ತಾವೇ ಕರಗುತ್ತವೆ. ಕೆಲವು ವಾರ ಬಿಟ್ಟು ಮತ್ತೆ ಸ್ಕ್ಯಾನ್. ಹೋಗುವವರು ಬೆಳಿಗ್ಗೆಯೇ ಹೋಗಿ, ಸಂಜೆ ಕೂರಲು ಕುರ್ಚಿ ಸಿಗುವುದಿಲ್ಲ.