ಗಾಳಿ ಹಾಸಿಗೆ ಅಟ್ಟಕ್ಕೆ, ಪ್ಲೈವುಡ್ ಹಲಗೆ ಗಾಡಿಗೆ

ಮೊದಲೇ ಹೇಳಿಬಿಡುತ್ತೇನೆ. ಆನ್‌ಲೈನಿನಲ್ಲಿ 2,300 ರೂಪಾಯಿ ಕೊಟ್ಟು ತರಿಸಿದ ಕಾರಿನ ಗಾಳಿ ಹಾಸಿಗೆಗೆ ನಾನು ಕೊಡುವುದು ಐದಕ್ಕೆ ಒಂದೂವರೆ ಅಂಕ. ಅದರಲ್ಲೂ ಒಂದು ಅಂಕ ಜೊತೆಗೆ ಬಂದ ಪಂಪಿಗೆ. ಈಗ ಅದು ಮಗಳ ಈಜುವ ಟ್ಯೂಬಿಗೆ ಗಾಳಿ ತುಂಬುತ್ತಾ ಸುಖವಾಗಿದೆ.

ನಮ್ಮದು ಐದು ಸೀಟಿನ ಎಸ್‌ಯುವಿ. ಮಗಳನ್ನು ಅಜ್ಜಿ ಮನೆಯಲ್ಲಿ ಬಿಟ್ಟು ನಾನೂ ಹೆಂಡತಿಯೂ ಆಗಾಗ ಮಲೆನಾಡಿನ ಕಡೆ ಹೊರಡುತ್ತೇವೆ. ಟೆಂಟು ಹೊಡೆಯೋಣ ಅಂದರೆ ಅಲ್ಲಿ ಜಿಗಣೆ, ಇಬ್ಬನಿ, ಒದ್ದೆ ನೆಲ. ಹಿಂದಿನ ಸೀಟು ಮಡಚಿ ಗಾಡಿಯಲ್ಲೇ ಮಲಗಿದರೆ ಆಯಿತಲ್ವಾ ಅಂತ ಈ ಹಾಸಿಗೆ ತರಿಸಿದೆ. ಪೆಟ್ಟಿಗೆಯಲ್ಲಿ ಹಾಸಿಗೆ, ಹಿಂದಿನ ಸೀಟಿನ ಕಾಲಿಡುವ ಜಾಗ ತುಂಬಲು ಎರಡು ದಿಂಡು, 12 ವೋಲ್ಟಿನ ಸಾಕೆಟ್ಟಿಗೆ ಚುಚ್ಚುವ ಪಂಪು, ತೂತಾದರೆ ಅಂಟಿಸಲು ಒಂದು ತುಂಡು ಪ್ಲಾಸ್ಟಿಕ್. ಮನೆ ಕೆಳಗಿನ ಪಾರ್ಕಿಂಗಿನಲ್ಲಿ ಊದಿಸಿ ಐದು ನಿಮಿಷ ಮಲಗಿ ನೋಡಿದಾಗ ಹಂಸತೂಲಿಕಾ ತಲ್ಪವೇ ಸರಿ.

ನಿಜ ಗೊತ್ತಾಗಿದ್ದು ಡಿಸೆಂಬರಿನಲ್ಲಿ, ಸಕಲೇಶಪುರದ ಹತ್ತಿರದ ಒಂದು ಹೋಂಸ್ಟೇ ಅಂಗಳದಲ್ಲಿ. ಅಲ್ಲಿನ ಯಜಮಾನರು, "ಏನ್ ಸಾರ್, ರೂಮು ಖಾಲಿ ಇದೆಯಲ್ಲಾ, ಗಾಡೀಲಿ ಯಾಕೆ ಮಲಗ್ತೀರಿ?" ಅಂತ ಎರಡು ಸಲ ಕೇಳಿದರು. ರಾತ್ರಿ ಮೂರು ಗಂಟೆಗೆ ನನಗೂ ಅದೇ ಅನಿಸಿತು. ಸಂಜೆ ಗಟ್ಟಿಯಾಗಿ ತುಂಬಿದ್ದ ಹಾಸಿಗೆ ಚಳಿ ಏರಿದಂತೆಲ್ಲ ಮೆತ್ತಗಾಗಿ, ಬೆನ್ನಿಗೆ ಸೀಟ್‌ಬೆಲ್ಟಿನ ಕೊಂಡಿ ಚುಚ್ಚಲು ಶುರು. ಬೆಳಿಗ್ಗೆ ಸೋಪಿನ ನೀರು ಸವರಿ ನೋಡಿದೆ, ಎಲ್ಲೂ ಗುಳ್ಳೆ ಬರಲಿಲ್ಲ. ತೂತಿರಲಿಲ್ಲ, ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿತ್ತು ಅಷ್ಟೇ. ಅದೇ ತಣ್ಣನೆ ಗಾಳಿ ಬೆನ್ನ ಕೆಳಗೆ ಇರುವುದರಿಂದ ಮೇಲೆ ಎರಡು ಕಂಬಳಿ ಹೊದ್ದರೂ ಚಳಿ ಕೆಳಗಿನಿಂದ ಏರುತ್ತದೆ. ನಾನು ಮಗ್ಗುಲು ಬದಲಿಸಿದರೆ ಆಕೆ ಮೇಲೇಳುತ್ತಾಳೆ, ಆಕೆ ಹೊರಳಿದರೆ ನಾನು ಬಾಗಿಲಿಗೆ. ಪ್ಲಾಸ್ಟಿಕ್ ವಾಸನೆ ಬೇರೆ. ಎರಡನೇ ಸಲ ಹೋದಾಗ ಹೊಲಿಗೆಯ ಹತ್ತಿರ ನಿಜವಾಗಿಯೂ ಬಿಟ್ಟುಕೊಂಡಿತು, ಅಲ್ಲಿಗೆ ಕಥೆ ಮುಗಿಯಿತು.

ಆಮೇಲೆ ಮಾಡಿಸಿದ್ದು ಹಲಗೆ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ.

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಲ್ಲಿ 12 ಎಂಎಂ ವಾಟರ್‌ಪ್ರೂಫ್ ಪ್ಲೈವುಡ್ ತೆಗೆದುಕೊಂಡೆ. ಶೀಟು 8 ಅಡಿ ಉದ್ದ, 4 ಅಡಿ ಅಗಲ ಬರುತ್ತದೆ, ಒಂದು ಸಾಕು. ನಮ್ಮ ಬೀದಿಯ ಕಾರ್ಪೆಂಟರ್ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಂದು, ಡಿಕ್ಕಿಯೊಳಗೆ ತಾವೇ ಮಲಗಿ ನೋಡಿದರು. ಎದ್ದು ಬಂದು, "ಸಾರ್, ಕಾಲು ಎಲ್ಲಾ ಒಂದೇ ಅಳತೆ ಇಟ್ರೆ ಕೆಡುತ್ತೆ" ಅಂದರು. ಸರಿಯೇ ಹೇಳಿದ್ದು. ಮಡಚಿದ ಸೀಟು ನೋಡಲು ಚಪ್ಪಟೆ ಅನಿಸಿದರೂ ನಮ್ಮ ಗಾಡಿಯಲ್ಲಿ ಮುಂದಿನ ತುದಿ ಹಿಂದಿನದಕ್ಕಿಂತ 4 ಇಂಚು ಎತ್ತರ. ಗಾಳಿ ಹಾಸಿಗೆಯಲ್ಲಿ ರಾತ್ರಿಯಿಡೀ ಕಾಲಿನ ಕಡೆಗೆ ಜಾರುತ್ತಿದ್ದದ್ದು ಯಾಕೆ ಅಂತ ಆಗ ಹೊಳೆಯಿತು. ಅದಕ್ಕೇ ಡಿಕ್ಕಿ ಬಾಗಿಲ ಕಡೆ ಗಿಡ್ಡ ಕಾಲು, ಕಾಲಿಡುವ ಜಾಗದಲ್ಲಿ 14 ಇಂಚಿನ ಉದ್ದ ಕಾಲು.

ಹಲಗೆಯ ಉದ್ದ 5 ಅಡಿ 10 ಇಂಚು. ಚಕ್ರದ ಉಬ್ಬುಗಳ ನಡುವೆ ಸಿಗುವ ಅಗಲ 39 ಇಂಚು, ಇಬ್ಬರಿಗೆ ಇಕ್ಕಟ್ಟೇ. ಮುಂದಿನ ಸೀಟುಗಳನ್ನು ಪೂರ್ತಿ ಮುಂದೆ ತಳ್ಳಿದರೆ ಮಾತ್ರ ಇಷ್ಟು ಉದ್ದ ಸಿಗುತ್ತದೆ, ಆದರೆ ಹಾಗೆ ಕೂತು ಗಾಡಿ ಓಡಿಸಲು ಆಗುವುದಿಲ್ಲ. ಹಾಗಾಗಿ ತಲೆ ಕಡೆಯ 2 ಅಡಿ ಹಲಗೆಗೆ ಹಿಂಜ್ ಹಾಕಿಸಿ, ಓಡಿಸುವಾಗ ಹಿಂದಕ್ಕೆ ಮಡಚುವಂತೆ ಮಾಡಿಸಿದೆ. ಗಟ್ಟಿಯಾಗಿ ಬೆಲ್ಟು ಬಿಗಿಯಲೇಬೇಕು. ಬ್ರೇಕ್ ಹೊಡೆದಾಗ ಇಷ್ಟು ತೂಕದ ಹಲಗೆ ಬೆನ್ನಿಗೆ ಬಂದು ಬಡಿಯುವುದು ಯಾರಿಗೂ ಬೇಡ. ಮೇಲೆ ಹಾಸಿಗೆ ಅಂಗಡಿಯಲ್ಲಿ ಕತ್ತರಿಸಿಕೊಟ್ಟ 2 ಇಂಚಿನ ಗಟ್ಟಿ ಫೋಮು, ಅದರ ಮೇಲೆ ಜಮಖಾನ. ಮರ, ಫೋಮು, ಕೂಲಿ ಸೇರಿ ಸುಮಾರು 6,000 ಆಯಿತು. ಹಲಗೆ ಕೆಳಗೆ ಚಪ್ಪಲಿ, ನೀರಿನ ಕ್ಯಾನು, ಬಟ್ಟೆ ಬ್ಯಾಗು ಹೋಗುತ್ತವೆ, ಇದು ಲಾಭ. ನಿಲ್ಲಿಸಿದ ಜಾಗ ಸಮ ಇದೆಯಾ ಅಂತ ನೋಡಲು ಹಲಗೆ ಮೇಲೆ ಒಂದು ನಿಂಬೆಹಣ್ಣು ಬಿಡುತ್ತೇನೆ. ಗಾಡಿ ಪೂಜೆಗೆ ಚಕ್ರದಡಿ ಇಡುವುದಕ್ಕಿಂತ ಇದು ಒಳ್ಳೆ ಉಪಯೋಗ.

ಗಾಳಿಯ ವಿಷಯ. ಕಿಟಕಿ ಪೂರ್ತಿ ಮುಚ್ಚಿ ಮಲಗಿದರೆ ಬೆಳಿಗ್ಗೆ ಗಾಜಿನಿಂದ ನೀರು ಇಳಿಯುತ್ತಿರುತ್ತದೆ, ಅದೆಲ್ಲ ನಮ್ಮ ಉಸಿರಿನದ್ದೇ. ಎರಡೂ ಕಡೆ ಎರಡು ಬೆರಳಿನಷ್ಟು ಇಳಿಸಿ, ಬಾಗಿಲಿಗೆ ಗವುಸಿನ ಹಾಗೆ ಹಾಕುವ ಸೊಳ್ಳೆ ಪರದೆ ಬಳಸಿ. ಕಿಟಕಿ ಮೇಲೆ ಮಳೆ ತಡೆಯುವ ಪಟ್ಟಿ ಇದ್ದರೆ ಜಡಿಮಳೆಯಲ್ಲೂ ನಡೆಯುತ್ತದೆ. ಎಂಜಿನ್ ಆನ್ ಇಟ್ಟು ಎಸಿಯಲ್ಲಿ ನಿದ್ದೆ ಮಾಡುವ ಯೋಚನೆ ಮಾತ್ರ ಬೇಡವೇ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಗೊತ್ತಾಗುವ ಹೊತ್ತಿಗೆ ಏಳಲು ಆಗುವುದಿಲ್ಲ. ಪವರ್ ಬ್ಯಾಂಕಿಗೆ ಚುಚ್ಚುವ ಸಣ್ಣ ಫ್ಯಾನು ಘಟ್ಟದ ಮೇಲೆ ಸಾಕು. ಮೇ ತಿಂಗಳಲ್ಲಿ ಮರವಂತೆ ಕಡೆ ಹೋಗಿ ಇದೇ ಪ್ರಯೋಗ ಮಾಡಬೇಡಿ, ಒಂದು ಕಡೆ ಸಮುದ್ರ ಇನ್ನೊಂದು ಕಡೆ ಸೌಪರ್ಣಿಕಾ ಇದ್ದರೂ ಗಾಡಿಯೊಳಗೆ ಬೆವರಿನ ಹೊಳೆ.

ಎಲ್ಲೆಂದರಲ್ಲಿ ನಿಲ್ಲಿಸಿ ಮಲಗಲೂ ಹೋಗಬೇಡಿ. ಕಾಡಿನ ರಸ್ತೆಯಂತೂ ಬೇಡವೇ ಬೇಡ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಗೇಟೇ ಹಾಕಿರುತ್ತಾರೆ. ನಾವು ಹೋಂಸ್ಟೇ ಅಂಗಳದಲ್ಲಿ ನಿಲ್ಲಿಸಿ, ಬಚ್ಚಲು ಬಳಸಿದ್ದಕ್ಕೆ, ಊಟಕ್ಕೆ ದುಡ್ಡು ಕೊಡುತ್ತೇವೆ.

ಇನ್ನೊಂದು ಮರೆತಿದ್ದೆ. ಒಳಗೆ ಮಲಗಿ ರಿಮೋಟಿನಿಂದ ಲಾಕ್ ಮಾಡಬೇಡಿ. ನಾನು ಹಾಗೆ ಮಾಡಿ, ನಡುರಾತ್ರಿ ಮೂತ್ರಕ್ಕೆ ಅಂತ ಒಳಗಿನಿಂದ ಬಾಗಿಲು ತೆಗೆದೆ. ಅಲಾರಂ ಕೂಗಿದ್ದಕ್ಕೆ ಎಸ್ಟೇಟಿನ ಮೂರು ನಾಯಿಗಳೂ ಎದ್ದವು, ಹೋಂಸ್ಟೇ ಯಜಮಾನರು ಟಾರ್ಚು ಹಿಡಿದು ಬಂದರು. ನಾನು ಲುಂಗಿಯಲ್ಲಿ ಕೀ ಹುಡುಕುತ್ತಿದ್ದೆ. ಈಗ ಒಳಗಿನ ಬಟನ್ನಿನಲ್ಲೇ ಲಾಕ್ ಮಾಡುತ್ತೇನೆ.

ಹಲಗೆಗೆ ಐದಕ್ಕೆ ನಾಲ್ಕು. ಒಂದು ಅಂಕ ಕಟ್ ಆಗಿದ್ದು ಶಿರಾಡಿ ಘಾಟಿಯ ಗುಂಡಿಗಳಲ್ಲಿ ಅದು ಕಿರ್ ಕಿರ್ ಅನ್ನುವುದಕ್ಕೆ. ಹಿಂಜಿನ ಕೆಳಗೆ ಹಳೇ ಸಾಕ್ಸು ತುರುಕಿದ್ದೇನೆ, ಅರ್ಧ ಕಡಿಮೆಯಾಗಿದೆ.