ಕೊತ್ರೂಡ್‌ನ ಫಿಸಿಯೋ ಸೆಂಟರ್: ಮೊಣಕಾಲಿಗೆ ಅವಸರ ಮಾಡದ ಜಾಗ

ಪುಣೆಯಲ್ಲಿ ಖೋ ಖೋ, ಕಬಡ್ಡಿ ಆಡುವ ಮಕ್ಕಳ ಮೊಣಕಾಲಿಗೆ ಪೆಟ್ಟಾದರೆ ಕೊತ್ರೂಡ್‌ನ ಈ ಫಿಸಿಯೋಥೆರಪಿ ಸೆಂಟರ್‌ಗೆ ಹೋಗಿ. ಕರ್ವೆ ಪ್ರತಿಮೆಯಿಂದ ಹತ್ತಿರ, ಔಷಧಿ ಅಂಗಡಿಯ ಮೇಲಿನ ಮಹಡಿ.

ಖೋ ಖೋದಲ್ಲಿ ಕಂಬ ಹಿಡಿದು ತಿರುಗುವಾಗ ನನ್ನ ಮಗಳ ಎಸಿಎಲ್ ಲಿಗಮೆಂಟ್ (ಮೊಣಕಾಲಿನೊಳಗೆ ಎಲುಬುಗಳನ್ನು ಹಿಡಿದಿಡುವ ಪಟ್ಟಿ) ಹರಿಯಿತು, ಆಪರೇಶನ್ ಆಯಿತು. ಮೊದಲು ಹೋದ ಕಡೆ ಸುಮ್ನೆ ಮಶೀನ್ ಹಚ್ಚಿ ಮಲಗಿಸುತ್ತಿದ್ದರು. ಇಲ್ಲಿ ಮೊದಲ ದಿನವೇ ಎರಡೂ ತೊಡೆಗಳ ಬಲ ಅಳೆದರು.

ಇಲ್ಲಿನ ಮೇಡಂ ನಿಪ್ಪಾಣಿಯವರು. ಹಿಮದ ಮೇಲೆ ಜಾರುವ ಸ್ಕೀ ಓಟ ಅಂದರೆ ಅವರಿಗೆ ಪ್ರಾಣ. ಮಗಳು ಅಳುತ್ತಾ ಕೂತಾಗ ಮೊಬೈಲ್‌ನಲ್ಲಿ ಇಟಲಿಯ ಸ್ಕೀ ಆಟಗಾರ್ತಿ ಡೆಬೋರಾ ಕೊಂಪನ್ಯೋನಿಯನ್ನು ತೋರಿಸಿದರು. 1992ರ ಆಲ್ಬರ್ವಿಲ್ ಒಲಿಂಪಿಕ್ಸ್‌ನಲ್ಲಿ ಡೆಬೋರಾ ಸೂಪರ್-ಜಿ ಎಂಬ ವೇಗದ ಸ್ಕೀ ಓಟದಲ್ಲಿ ಚಿನ್ನ ಗೆದ್ದರು. ಮರುದಿನ ಜೈಂಟ್ ಸ್ಲಾಲಮ್‌ನಲ್ಲಿ (ಗೇಟ್ ಅಂದರೆ ನೆಟ್ಟ ಕೋಲುಗಳ ಸುತ್ತ ತಿರುಗುತ್ತಾ ಇಳಿಯುವ ಓಟ) ಬಿದ್ದು ಮೊಣಕಾಲಿನ ಲಿಗಮೆಂಟ್ ಹರಿಯಿತು. ಹಿಮದ ಇಳಿಜಾರಿನಲ್ಲಿ ವೇಗವಾಗಿ ಬಂದು ಗೇಟ್ ಸುತ್ತ ತಿರುಗುವಾಗ ಮೈಭಾರವೆಲ್ಲ ಹೊರಗಿನ ಕಾಲಿನ ಮೇಲೆ ಬೀಳುತ್ತದೆ. ನಮ್ಮ ಕಂಬದ ತಿರುವಿನಲ್ಲೂ ಮೊಣಕಾಲಿಗೆ ಅಂಥದ್ದೇ ಕಷ್ಟ, ಅಲ್ವಾ?

ಡೆಬೋರಾ ತಾವು ಬಿದ್ದ ಅದೇ ಜೈಂಟ್ ಸ್ಲಾಲಮ್‌ನಲ್ಲಿ 1994ರ ಲಿಲ್ಲೆಹ್ಯಾಮರ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. 1998ರ ನಗಾನೊ ಒಲಿಂಪಿಕ್ಸ್‌ನಲ್ಲಿ ಅದೇ ಓಟದಲ್ಲಿ ಮತ್ತೆ ಚಿನ್ನ. ಮೂರು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ ಮೊದಲ ಆಲ್ಪೈನ್ (ಇಳಿಜಾರಿನ) ಸ್ಕೀ ಆಟಗಾರ್ತಿ ಅವರು. ನಗಾನೊದ ಇನ್ನೊಂದು ಓಟವಾದ, ಗೇಟ್‌ಗಳು ಇನ್ನೂ ಹತ್ತಿರವಿರುವ ಸ್ಲಾಲಮ್‌ನಲ್ಲಿ ಮಾತ್ರ 0.06 ಸೆಕೆಂಡಿನಿಂದ ಚಿನ್ನ ತಪ್ಪಿ ಬೆಳ್ಳಿ ಬಂತು. ನನ್ನ ಮಗಳಿಗೆ ಈಗಲೂ ಅದೇ ಬೇಜಾರು.

ಕಥೆ ಕೇಳಿದ ಮೇಲೆ ಅವಳಿಗೆ ಆಟಕ್ಕಿಳಿಯುವ ಆತುರ ಹೆಚ್ಚಾಯಿತು. ಮೇಡಂ ಬಿಡಲಿಲ್ಲ. "ಅವಸರ ಮಾಡಬ್ಯಾಡವ್ವಾ, ಮೊದಲು ತೊಡಿ ಗಟ್ಟಿ ಆಗ್ಲಿ" ಅಂದರು. ಆಪರೇಶನ್ ಆಗಿ ಒಂಬತ್ತು ತಿಂಗಳ ಒಳಗೆ ಮೈದಾನದ ಮಾತೇ ಇಲ್ಲ. ಆಮೇಲೂ ಒಂಟಿಕಾಲಲ್ಲಿ ಜಿಗಿಸಿ ನೋಡುತ್ತಾರೆ. ಪೆಟ್ಟಾದ ಕಾಲು ಇನ್ನೊಂದು ಕಾಲಿನ 90 ಶೇಕಡಾದಷ್ಟಾದರೂ ಜಿಗಿಯಬೇಕು. ಬೇಗ ಇಳಿದರೆ ಲಿಗಮೆಂಟ್ ಮತ್ತೆ ಹರಿಯುವ ಅಪಾಯ ಜಾಸ್ತಿ. ಟೂರ್ನಮೆಂಟ್ ಇದೆ ಅಂತ ಕೋಚ್ ಫೋನ್ ಮಾಡಿದರೂ ಮೇಡಂ ಜಗ್ಗಲಿಲ್ಲ. ಈ ಗಟ್ಟಿತನಕ್ಕೇ ನಾನು ಇವರನ್ನು ನಂಬುತ್ತೇನೆ.

ಒಂದು ಸಲಕ್ಕೆ 600 ರೂಪಾಯಿ. ಲಿಫ್ಟ್ ಇಲ್ಲ, ಇದು ನಿಜವಾಗಿ ತೊಂದರೆ. ಹೊಸದಾಗಿ ಆಪರೇಶನ್ ಆದವರನ್ನು ಕರೆತರುವವರು ಮೊದಲೇ ಫೋನ್ ಮಾಡಿರಿ; ಸೆಂಟರ್‌ನವರು ಮೆಟ್ಟಿಲು ಹತ್ತಿಸಲು ಒಬ್ಬ ಹುಡುಗನನ್ನು ಕೆಳಗೆ ಕಳಿಸುತ್ತಾರೆ. ಸಂಜೆ ಕಾಯಬೇಕಾಗುತ್ತದೆ, ಬೆಳಿಗ್ಗೆಯೇ ಹೋಗಿ.