1098ಗೆ ಕಾಲ್ ಮಾಡಿದ್ಮೇಲೆ ಏನೇನಾಯ್ತು

ಮಕ್ಕಳ ಸಹಾಯವಾಣಿ 1098 ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅನ್ಕೊಂಡಿದ್ದೆ. ಪರಿಚಯದ ಒಂದು ಮಗು ವಿಷಯಕ್ಕೆ ನಾನೇ ಫೋನ್ ಮಾಡಿದ್ದು. ಯಾವ ಮಗು, ಎಲ್ಲಿ ಅಂತ ದಯವಿಟ್ಟು ಕೇಳ್ಬೇಡಿ, ಗುರುತು ಹೊರಗೆ ಹಾಕೋಕೆ ಪೋಕ್ಸೋ ಕಾಯ್ದೆ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ ಕಾಯ್ದೆ) ಬಿಡಲ್ಲ, ಬಿಟ್ಟಿದ್ರೂ ನಾನು ಹೇಳ್ತಿರ್ಲಿಲ್ಲ.

ರಾತ್ರಿ ಹನ್ನೊಂದು ದಾಟಿತ್ತು, ಯಾರು ಎತ್ತುತಾರೆ ಅನ್ಕೊಂಡೇ ಮಾಡ್ದೆ, ತಕ್ಷಣ ಎತ್ತಿದ್ರು. ಆ ಕಡೆ ಇದ್ದ ಮೇಡಂ ಮೊದ್ಲು ಕೇಳಿದ್ದು "ಮಗು ಈಗ ಎಲ್ಲಿದೆ, ಆ ಮನುಷ್ಯ ಅದೇ ಮನೇಲಿದಾನಾ" ಅಂತ, ನನ್ನ ಹೆಸ್ರು ಕೇಳಿದ್ದು ಆಮೇಲೆ. ಅಲ್ಲಿಗೇ ನಂಗೆ ಧೈರ್ಯ ಬಂತು. ನನ್ನತ್ರ ಪ್ರೂಫ್ ಏನಿಲ್ಲ ಅಂದೆ, ಅದನ್ನ ಹುಡುಕೋದು ನಿಮ್ಮ ಕೆಲ್ಸ ಅಲ್ಲಮ್ಮ ಅಂದ್ರು. ನಿಜಾನೇ, ಗೊತ್ತಿದ್ದೂ ತಿಳಿಸ್ದೇ ಇದ್ರೆ ಆರು ತಿಂಗಳವರೆಗೆ ಜೈಲು ಆಗ್ಬೋದು, ಒಳ್ಳೆ ಮನಸ್ಸಿಂದ ತಿಳಿಸಿದವ್ರಿಗೆ ಕಾಯ್ದೆನೇ ರಕ್ಷಣೆ ಕೊಡುತ್ತೆ. 2023ರಿಂದ ಈ ಲೈನನ್ನ ಸರ್ಕಾರನೇ ನಡೆಸ್ತಿದೆ, ತುರ್ತು ನಂಬರ್ 112ಕ್ಕೂ ಜೋಡಿಸಿದಾರೆ. ಫೋನ್ ಸೇವೆಗೆ ನನ್ನ ಕಡೆಯಿಂದ 5ಕ್ಕೆ 5.

ಆದ್ರೆ ಮುಂದಿನದ್ದು ಹೇಳ್ಲೇಬೇಕು. ಮಾರನೇ ದಿನ ಮಕ್ಕಳ ರಕ್ಷಣಾ ಘಟಕದವ್ರು ಮನೆಗೆ ಬಂದು ನೆಲದ ಮೇಲೆ ಮಗು ಪಕ್ಕನೇ ಕೂತು ಮಾತಾಡ್ಸಿದ್ರು, ಚೆನ್ನಾಗಿತ್ತು. ಆಮೇಲೆ ಸ್ಟೇಷನ್ನು, ಅಲ್ಲಿ ಯೂನಿಫಾರ್ಮ್ ಹಾಕ್ಕೊಂಡಿದ್ದವ್ರು ಮೊದ್ಲಿಂದ ಕೇಳಿದ್ರು, ಆಸ್ಪತ್ರೆಲಿ ಮತ್ತೆ, ಮಕ್ಕಳ ಕಲ್ಯಾಣ ಸಮಿತಿ ಮುಂದೆ ಮತ್ತೆ. ನಾಲ್ಕನೇ ಸಲಕ್ಕೆ ಮಗು ಮಾತೇ ನಿಲ್ಲಿಸಿ ಅಮ್ಮನ ಸೆರಗು ಹಿಡ್ಕೊಂಡು ಕೂತ್ಬಿಡ್ತು. ಹೇಳಿಕೆನ ಮಗು ಮನೇಲೋ ಅದು ಇಷ್ಟಪಟ್ಟ ಜಾಗದಲ್ಲೋ, ಆದಷ್ಟೂ ಮಹಿಳಾ ಎಸ್‌ಐ, ಮಫ್ತಿಲಿ ಬಂದು ಬರ್ಕೋಬೇಕು ಅಂತ ಕಾಯ್ದೆಲೇ ಇದೆ. ಪೊಲೀಸ್ರು 24 ಗಂಟೆಯೊಳಗೆ ಸಮಿತಿಗೂ ವಿಶೇಷ ಕೋರ್ಟಿಗೂ ತಿಳಿಸ್ಬೇಕು ಅಂತಾನೂ ಇದೆ, ತಿಳಿಸಿದ್ರು ಕೂಡ. ಆದ್ರೆ ಒಂದು ಆಫೀಸಲ್ಲಿ ಬರ್ಕೊಂಡಿದ್ದು ಇನ್ನೊಂದು ಆಫೀಸಿಗೆ ತಲುಪೋಷ್ಟರಲ್ಲಿ ಮಗುನೇ ಅಲ್ಲಿಗೆ ಹೋಗಿ ಕೂತಿರುತ್ತೆ. ಕೆಟ್ಟವ್ರು ಯಾರೂ ಇರ್ಲಿಲ್ಲ, ಅವ್ರವ್ರ ಫಾರ್ಮ್ ಅವ್ರವ್ರು ತುಂಬ್ತಿದ್ರು ಅಷ್ಟೇ. ಇಲಾಖೆಗಳ ಹೊಂದಾಣಿಕೆಗೆ 2ಕ್ಕಿಂತ ಜಾಸ್ತಿ ಕೊಡೋಕೆ ನಂಗೆ ಮನ್ಸಿಲ್ಲ.

ಇದನ್ನ ಸರಿ ಮಾಡಿದ್ದು ಸಮಿತಿಯವ್ರು ಕೊಟ್ಟ ಸಪೋರ್ಟ್ ಪರ್ಸನ್, ಅಂದ್ರೆ ಕೇಸಿನುದ್ದಕ್ಕೂ ಮಗುಗೆ ಜೊತೆಯಾಗಿ ನಿಲ್ಲೋರು. 2020ರ ಪೋಕ್ಸೋ ನಿಯಮದಲ್ಲಿ ಇದಕ್ಕೆ ಅವಕಾಶ ಇದೆ, ನಮಗೆ ಯಾರೂ ಮೊದ್ಲೇ ಹೇಳಿರ್ಲಿಲ್ಲ. ಆ ಅಕ್ಕ ಬಂದ್ಮೇಲೆ ಸ್ಟೇಷನ್ನಿಗೂ ಆಸ್ಪತ್ರೆಗೂ ಅವ್ರೇ ಓಡಾಡಿ ಕಾಪಿ ತಂದ್ರು, ಡೇಟ್ ಯಾವತ್ತು ಅಂತ ಅಮ್ಮನಿಗೆ ಫೋನ್ ಮಾಡಿ ಹೇಳ್ತಿದ್ರು, ಮಗುನ ಇನ್ಯಾರೂ ಮೊದ್ಲಿಂದ ಕೇಳ್ಲಿಲ್ಲ. ಯಾರಿಗಾದ್ರೂ ಇಂಥ ಪರಿಸ್ಥಿತಿ ಬಂದ್ರೆ ಮೊದಲ್ನೇ ದಿನವೇ ಸಪೋರ್ಟ್ ಪರ್ಸನ್ ಬೇಕು ಅಂತ ಸಮಿತಿಗೆ ಬರ್ದು ಕೇಳಿ, ಎಫ್‌ಐಆರ್ ಕಾಪಿನೂ ಕೇಳಿ, ಅದು ಫ್ರೀ.

ಈಗ ಕೇಸು ವಿಶೇಷ ಕೋರ್ಟಲ್ಲಿದೆ. ಹೋದ್ವಾರ ಆ ಅಕ್ಕ ಮಗುನ ಖಾಲಿ ಕೋರ್ಟ್ ಹಾಲಿಗೆ ಕರ್ಕೊಂಡು ಹೋಗಿ, ಮಗು ಎಲ್ಲಿ ಕೂರೋದು, ಆ ಮನುಷ್ಯ ಕಾಣದ ಹಾಗೆ ಪರದೆ ಎಲ್ಲಿ ಹಾಕ್ತಾರೆ ಅಂತ ತೋರ್ಸ್ಕೊಂಡು ಬಂದ್ರು.